ಒಂದು ಕೂಗಿಗೆ ಕಾಯುವುದು

ಕಳೆದ ಯುಗಾದಿಯ ಸಂತೋಷಕೂಟದಲ್ಲಿ, ಊಟದ ಪಂಕ್ತಿಯಲ್ಲಿ ನಮ್ಮ ಎದುರಿಗೆ ಕುಳಿತಿದ್ದ ಹಿರಿಯರೊಬ್ಬರು ಹೋಳಿಗೆಗೆ ತುಪ್ಪ ಬರುವುದನ್ನು ಎದುರುನೋಡುತ್ತ, "ಇಪ್ಪತ್ತು ವರ್ಷದ ಮೇಲಾಯಿತಲ್ಲ, ನೀವು ನಾಲ್ವರೂ ಆ ಕಂಪ್ಯೂಟರಿನ ಮುಂದೆ ಕೂತು ಮಾಡಿದ್ದಾದರೂ ಏನು?" ಎಂದು ಕೇಳಿದರು. "ಕಾಯುವುದು ಹೇಗೆಂದು ಕಲಿತೆವು" ಎಂದೆವು. ತಮಾಷೆಯೆಂದು ಅವರು ನಕ್ಕರು. ಅಷ್ಟರಲ್ಲಿ ತುಪ್ಪ ಬಂತು, ಮಾತು ಅಲ್ಲಿಗೇ ನಿಂತಿತು. ನಾವು ಹೇಳಿದ್ದು ತಮಾಷೆಯಲ್ಲ. ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇವೆ. ಯಂತ್ರದ ವಿಷಯ ಬರುತ್ತದೆಂದು ಓದುಗರು ಪುಟ ಮಗುಚಬಾರದು. ಅರ್ಧ ಪಾಲು ನಮ್ಮ ಸನತ್‌ನಗರದ ಬಿಡಾರದ್ದೇ ಕಥೆ.

ಸನತ್‌ನಗರವನ್ನು ಅರಿಯದವರು ನಮ್ಮಲ್ಲಿ ಕಡಿಮೆ. ವಾಡಿಯ ಕಡೆಯಿಂದ ರೈಲಿನಲ್ಲಿ ಬರುವಾಗ, ಇನ್ನೇನು ಬೇಗಂಪೇಟೆ ಬಂತು ಎಂದು ಗಂಟುಮೂಟೆ ಇಳಿಸಿ ಬಾಗಿಲಿಗೆ ಬಂದು ನಿಂತರೆ ಗಾಡಿ ಗಕ್ಕನೆ ನಿಂತುಬಿಡುವುದುಂಟಲ್ಲ, ಆ ಸುತ್ತಿನ ಸೀಮೆ. ಸಿಕಂದರಾಬಾದಿನಿಂದ ವಾಡಿಗೆ ನಿಜಾಮರ ರೈಲು 1874ರಲ್ಲೇ ಓಡಿತು. 1942ರಲ್ಲಿ ಆರಂಭವಾದ ಆಲ್ವಿನ್ ಕಾರ್ಖಾನೆ ಇಲ್ಲಿಯದು. ಫ್ರಿಜ್ಜೆಂದರೆ ಆಲ್ವಿನ್, ಬಸ್ಸಿನ ಮೈಕಟ್ಟೆಂದರೆ ಆಲ್ವಿನ್ ಎನ್ನುತ್ತಿದ್ದ ಕಾಲವೊಂದಿತ್ತು. ಕಲಬುರಗಿ, ಬೀದರ, ರಾಯಚೂರುಗಳಿಂದ ಇಲ್ಲಿನ ಕಾರ್ಖಾನೆಗಳಿಗೆ ಬಂದು ನೆಲೆ ನಿಂತ ಕುಟುಂಬಗಳು ಇಂದಿಗೂ ಇವೆ. ಆ ಹಳಬರನ್ನು ಹೊರನಾಡ ಕನ್ನಡಿಗರೆಂದು ಕರೆಯುವುದೇ ಒಂದು ವಿನೋದ. 1956ರ ನವೆಂಬರ್ 1ರವರೆಗೆ ಆ ಮೂರು ಜಿಲ್ಲೆಗಳವರಿಗೆ ಹೈದರಾಬಾದು ಪರಊರಲ್ಲ, ರಾಜಧಾನಿ.

ನಾವು ಬಂದದ್ದು 2001ರಲ್ಲಿ, ಕಾರ್ಖಾನೆಗೆ ಅಲ್ಲ, ಬಾಲಾನಗರದ ಕಡೆಯ ಒಂದು ಪುಟ್ಟ ಸಾಫ್ಟ್‌ವೇರ್ ಕಂಪನಿಗೆ. ಬೀದರಿನವರೊಬ್ಬರು, ರಾಯಚೂರಿನವರೊಬ್ಬರು, ಗದಗಿನವರೊಬ್ಬರು, ಸಾಗರದವರೊಬ್ಬರು. ಮೂರನೆಯ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಮನೆಯ ಮಾಲೀಕರು ಒಳ್ಳೆಯವರೇ, ಆದರೆ ಕರಾರುಪತ್ರಕ್ಕೆ ನಾಲ್ಕು ಹೆಸರು ಏಕೆ, ಒಂದು ಸಾಕು ಎಂದರು. ಬಾಡಿಗೆಯ ಪುಸ್ತಕದಲ್ಲಿ ಸಾಗರದವರ ಹೆಸರೊಂದೇ ಬಿತ್ತು. ಮಾಲೀಕರ ಮಟ್ಟಿಗೆ ಆ ಮನೆಯಲ್ಲಿ ಒಬ್ಬನೇ ವಾಸ. ಕೀಲಿಕೈಯೂ ಒಂದೇ. ಅದನ್ನು ಹಿಡಿದುಕೊಂಡು ಒಬ್ಬರು ಸಿನಿಮಾಕ್ಕೆ ಹೋದರೆ ಉಳಿದ ಮೂವರು ಮೆಟ್ಟಿಲ ಮೇಲೆ ಕೂರಬೇಕು.

ಈ ಒಂದು ಹೆಸರು, ಒಂದು ಕೀಲಿಕೈಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಬೇಕಾಗುತ್ತದೆ.

ಆ ಮನೆಯಲ್ಲಿ ಕಾಯುವುದು ಎಷ್ಟು ಬಗೆಯದಿತ್ತು! ನಲ್ಲಿಯ ನೀರು ದಿನ ಬಿಟ್ಟು ದಿನ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಹಾಲಿನವನಿಗೆ ಕಾಯಬೇಕು, ಗ್ಯಾಸಿನವನಿಗೆ ಕಾಯಬೇಕು, ಅನ್ನ ಬೇಯಲು ಕುಕ್ಕರಿನ ಮೂರು ಸೀಟಿಗೆ ಕಾಯಬೇಕು. ಒಬ್ಬೊಬ್ಬರು ಒಂದೊಂದಕ್ಕೆ ಎಚ್ಚರವಿದ್ದರೆ ಮರುದಿನ ಕಚೇರಿಯಲ್ಲಿ ನಾಲ್ವರೂ ತೂಕಡಿಸಬೇಕಾದೀತೆಂದು ಒಂದು ಏರ್ಪಾಡು ಮಾಡಿಕೊಂಡೆವು. ದಿನಕ್ಕೊಬ್ಬರು ಪಾಳಿ. ಉಳಿದ ಮೂವರು ತಮತಮಗೆ ಏನು ಬೇಕೆಂದು ಪಾಳಿಯವರಿಗೆ ಹೇಳಿ ಮಲಗುವುದು: "ನೀರು ಬಂದರೆ ನನ್ನನ್ನು ಎಬ್ಬಿಸು", "ಐದಕ್ಕೆ ನನ್ನನ್ನು ಎಬ್ಬಿಸು". ಪಾಳಿಯವರೂ ಎಲ್ಲ ಕೆಲಸ ಮುಗಿದ ಮೇಲೆ ಮಲಗಬಹುದು, ಆದರೆ ಯಾವ ಸದ್ದಾದರೂ ಏಳುವ ಹಾಗೆ ನಲ್ಲಿಯ ಕೆಳಗೆ ಖಾಲಿ ಕೊಡ ಇಟ್ಟು, ಅಲಾರಾಂ ತಿರುಗಿಸಿ ಮಲಗಬೇಕು. ಅಚ್ಚುಕಟ್ಟಾಗಿ ನಡೆಯಿತು.

ಈ ಏರ್ಪಾಡಿಗೆ ಒಗ್ಗದಿದ್ದುದು ಒಂದೇ, ಊರಿನ ಫೋನು. ಮನೆಯಲ್ಲಿ ಫೋನಿರಲಿಲ್ಲ. ಕೈಫೋನಿಗೆ ಒಳಬರುವ ಕರೆಗೂ ಹಣ ಕೊಡಬೇಕಿದ್ದ ದಿನಗಳು ಅವು. ನಮ್ಮ ಸಂಬಳಕ್ಕೆ ಅದು ನಿಲುಕುತ್ತಿರಲಿಲ್ಲ. ಕಟ್ಟಡದ ಕೆಳಗೊಂದು ಎಸ್.ಟಿ.ಡಿ. ಬೂತು. ಅದರ ನಂಬರನ್ನೇ ನಾಲ್ವರೂ ಊರಿಗೆ ಕೊಟ್ಟಿದ್ದೆವು. ಫೋನು ಬಂದರೆ ಬೂತಿನ ಹುಡುಗ ರಸ್ತೆಗೆ ಬಂದು ಕತ್ತೆತ್ತಿ ಒಮ್ಮೆ ಕೂಗುತ್ತಿದ್ದ: "ಮೂಡೋ ಅಂತಸ್ತೂ, ಫೋನೂ!" ಮೂರನೆಯ ಮಹಡಿಗೆ ಫೋನು, ಅಷ್ಟೇ. ಯಾರಿಗೆ, ಎಲ್ಲಿಂದ, ಎಷ್ಟನೆಯ ಸಲ ಎಂಬುದೊಂದೂ ಆ ಕೂಗಿನಲ್ಲಿ ಇರುತ್ತಿರಲಿಲ್ಲ. ಕೂಗು ಮನೆಗೆ ಬರುತ್ತಿತ್ತು, ಮನುಷ್ಯನಿಗಲ್ಲ. ಕೇಳಿಸಿತೋ ಇಳಿದು ಹೋಗಬೇಕು. ಕೇಳಿಸದಿದ್ದರೆ ಅದು ಗಾಳಿಗೆ ಹೋಯಿತು.

2002ರ ಮೇ ತಿಂಗಳು. ಬೀದರಿನವರ ತಂದೆಯವರನ್ನು ಆಸ್ಪತ್ರೆಗೆ ಸೇರಿಸಿದ್ದರು. ಗಾಬರಿಯೇನಿಲ್ಲ, ಬೇಕಾದರೆ ಫೋನು ಮಾಡುತ್ತೇವೆ ಎಂದು ಅಣ್ಣ ತಿಳಿಸಿದ್ದರು. ಆ ರಾತ್ರಿ ಅವರದೇ ಪಾಳಿ. ಹನ್ನೊಂದರ ಸುಮಾರಿಗೆ ಅವರು ಬಾಲ್ಕನಿಗೆ ಬಂದು ಕೆಳಗೆ ನೋಡಿದರು. ಬೂತಿನ ಹುಡುಗ ಮೇಲೆ ನೋಡಿ ಕೈಯಾಡಿಸಿದ, ಏನೂ ಇಲ್ಲವೆಂದು. ಒಳಗೆ ಬಂದರು, ನಲ್ಲಿಯ ಕೆಳಗೆ ಕೊಡ ಸರಿಸಿದರು, ಬಾಗಿಲು ಹಾಕಿದರು, ಕೂಲರ್ ಹಚ್ಚಿ ಒರಗಿದರು. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷದಲ್ಲೇ ಫೋನು ಬಂತು. ಹುಡುಗ ಕೂಗಿದ. ಕೊಡ ಸರಿಸುವ ಸದ್ದಿನಲ್ಲೋ ಬಾಗಿಲಿನ ಸದ್ದಿನಲ್ಲೋ ಕೂಗು ಮುಳುಗಿತು. ಉತ್ತರ ಬರದ್ದರಿಂದ ಮಲಗಿರಬೇಕು, ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡ ಹುಡುಗ, ಮುಂದೆ ಬಂದ ಎರಡು ಫೋನುಗಳಿಗೆ ಕೂಗಲೇ ಇಲ್ಲ. ಹೇಳಬೇಕಾದದ್ದು ಹೇಗೂ ಮನಸ್ಸಿನಲ್ಲಿ ಇದ್ದೇ ಇದೆಯಲ್ಲ! ಬೆಳಿಗ್ಗೆ ಆರಕ್ಕೆ ಹಾಲಿನವನ ಜೊತೆ ಮೆಟ್ಟಿಲು ಹತ್ತಿ ಬಂದು, "ರಾತ್ರಿ ಬೀದರಿನಿಂದ ಫೋನು ಬಂದಿತ್ತು" ಎಂದ. ಮೂರು ಸಲ ಬಂದಿತ್ತೆಂದು ಗೊತ್ತಾದದ್ದು ಊರಿಗೆ ಹೋದ ಮೇಲೆ.

ರಾತ್ರಿಯೇ ಹೊರಟಿದ್ದರೆ ಸಿಗುತ್ತಿದ್ದರು. ಬೀದರಿನ ಬಸ್ಸುಗಳು ನಮ್ಮ ಎರ್ರಗಡ್ಡದ ಮುಂದೆಯೇ ಹಾಯುತ್ತವೆ. ಸಂಗಾರೆಡ್ಡಿ, ಜಹೀರಾಬಾದು ದಾಟಿದರೆ ಊರು. ಮಗನನ್ನು ಎರಡು ಸಲ ಕೇಳಿದರಂತೆ.

ಹುಡುಗನದು ತಪ್ಪೆನ್ನಲಾಗದು, ನಮ್ಮವರದೂ ಅಲ್ಲ. ನೋಡಬೇಕಾದಾಗ ಇವರು ನೋಡಿದ್ದರು, ಕೂಗಬೇಕಾದಾಗ ಅವನು ಕೂಗಿದ್ದ. ನೋಡುವುದಕ್ಕೂ ಮಲಗುವುದಕ್ಕೂ ನಡುವೆ ಒಂದು ಸಂದಿಯಿತ್ತು, ಕೂಗು ಅದರೊಳಗೆ ಬಿತ್ತು.

ಹದಿನೈದು ದಿನ ಕಳೆದು ಅವರು ಹಿಂತಿರುಗಿದಾಗ ರಾಯಚೂರಿನವರು ಒಂದು ಡಾಲ್ಡಾ ಡಬ್ಬಿಗೆ ಹಗ್ಗ ಕಟ್ಟಿ ಬಾಲ್ಕನಿಯಿಂದ ಬೂತಿನವರೆಗೆ ಇಳಿಬಿಟ್ಟಿದ್ದರು. ಮೇಲ್ತುದಿಯಲ್ಲಿ ಎತ್ತಿನ ಕೊರಳಿನದೊಂದು ಗಂಟೆ. ಫೋನು ಬಂದರೆ ಹುಡುಗ ಚೀಟಿ ಬರೆದು ಡಬ್ಬಿಗೆ ಹಾಕಿ ಹಗ್ಗ ಜಗ್ಗಬೇಕು. ಗಂಟೆ ಕೇಳಿಸದಿದ್ದರೂ ಚೀಟಿ ಡಬ್ಬಿಯಲ್ಲಿ ಇರುತ್ತದೆ. ಪಾಳಿಯವರು ದಿಂಬಿಗೆ ತಲೆ ಕೊಡುವ ಮುನ್ನ ಕೊನೆಯ ಕೆಲಸವೆಂದರೆ ಡಬ್ಬಿ ಎಳೆದು ನೋಡುವುದು. ಬೀದಿಯವರೆಲ್ಲ ನಕ್ಕರು. ಬೀದರಿನವರು ಏನೂ ಹೇಳಲಿಲ್ಲ. ಹಗ್ಗದ ಗಂಟನ್ನು ಒಮ್ಮೆ ಬಿಚ್ಚಿ ಇನ್ನೂ ಬಿಗಿಯಾಗಿ ಕಟ್ಟಿದರು.

ಇನ್ನು ಯಂತ್ರದ ಮಾತು.

ಗಣಕಯಂತ್ರದಲ್ಲಿ ನಡೆಯುವ ಒಂದು ಕಾರ್ಯಕ್ರಮವನ್ನು ಮನೆಯೆಂದುಕೊಳ್ಳಿ. ಯಂತ್ರದ ಯಜಮಾನಿಕೆ ನೋಡುವುದು ಕರ್ನೆಲ್ ಎಂಬುದು. ಮನೆಯ ಮಾಲೀಕರ ಹಾಗೆ. ಯಾರಿಗೆ ಎಷ್ಟು ಹೊತ್ತು ಯಂತ್ರ, ಯಾರನ್ನು ಮಲಗಿಸಬೇಕು, ಯಾರನ್ನು ಎಬ್ಬಿಸಬೇಕು ಎಂಬುದೆಲ್ಲ ಅದರ ಅಧಿಕಾರ. ಒಂದೇ ಕಾರ್ಯಕ್ರಮದೊಳಗೆ ಹಲವು ಕೆಲಸ ಒಟ್ಟಿಗೆ ಸಾಗಬೇಕಾದಾಗ ಅದನ್ನು ಎಳೆಗಳಾಗಿ ಬಿಡಿಸುತ್ತಾರೆ. ಥ್ರೆಡ್ ಎಂದರೆ ಎಳೆಯೇ ತಾನೆ. ಈ ಎಳೆಗಳ ಹೆಸರನ್ನು ಕರ್ನೆಲ್ಲಿನ ಪುಸ್ತಕದಲ್ಲಿ ಒಂದೊಂದಾಗಿ ಬರೆಸುವುದು ಒಂದು ಪದ್ಧತಿ. ಬರೆಸದೆ, ಪುಸ್ತಕದಲ್ಲಿ ಒಂದೇ ಹೆಸರಿಟ್ಟು, ಒಳಗೊಳಗೇ ಪಾಳಿ ಹಂಚಿಕೊಳ್ಳುವುದು ಇನ್ನೊಂದು. ಈ ಎರಡನೆಯದಕ್ಕೆ ಬಳಕೆದಾರ ಮಟ್ಟದ ಎಳೆಗಳು ಎನ್ನುತ್ತಾರೆ. ಪಾಳಿಯನ್ನು ನೋಡಿಕೊಳ್ಳುವ ಸಿದ್ಧ ಕಟ್ಟಿಗೆ ಲೈಬ್ರರಿ ಎಂದು ಹೆಸರು. ಜರ್ಮನಿಯ ರಾಲ್ಫ್ ಎಂಗೆಲ್‌ಶಾಲ್ 1999ರಲ್ಲಿ ಹೊರತಂದ ಗ್ನೂ ಪಿ.ಟಿ.ಎಚ್. ಅಂಥದೊಂದು. ಅದರಲ್ಲಿ ಯಾವ ಎಳೆಯೂ ಇನ್ನೊಂದರ ಕೈಯಿಂದ ಕೆಲಸ ಕಸಿದುಕೊಳ್ಳುವುದಿಲ್ಲ. ತನ್ನದು ಸದ್ಯಕ್ಕೆ ಮುಗಿಯಿತು, ಇನ್ನು ಇಂಥದಕ್ಕೆ ಕಾಯುತ್ತೇನೆ ಎಂದು ತಾನಾಗಿ ಪಾಳಿಯವರಿಗೆ ಒಪ್ಪಿಸುತ್ತದೆ. ನಮ್ಮ ಮನೆಯ ಕಟ್ಟಳೆಯೇ.

ಇದರ ಲಾಭ ಹಗುರತನ. ತೊಡಕು ಕೀಲಿಕೈಯದು. ಒಂದು ಎಳೆ ಅರಿಯದೆ ಕರ್ನೆಲ್ಲಿನ ಬಳಿ ನೇರವಾಗಿ ಹೋಗಿ "ಇಂಥದು ಬರುವವರೆಗೆ ನನ್ನನ್ನು ಮಲಗಿಸು" ಎಂದರೆ, ಅಲ್ಲಿರುವುದು ಒಂದೇ ಹೆಸರಾದ್ದರಿಂದ ಇಡೀ ಮನೆಯನ್ನೇ ಮಲಗಿಸಿಬಿಡುತ್ತದೆ. ಉಳಿದವರಿಗೆ ಕೈತುಂಬ ಕೆಲಸವಿದ್ದರೂ ಮೆಟ್ಟಿಲ ಮೇಲೆ ಕೂರಬೇಕು. ಆದ್ದರಿಂದ ಕಾಯುವ ಕೆಲಸಗಳನ್ನೆಲ್ಲ ಲೈಬ್ರರಿ ತಾನೇ ವಹಿಸಿಕೊಂಡು, ಎಲ್ಲರೂ ಕಾಯುತ್ತಿರುವಾಗ ಮಾತ್ರ ಒಂದೇ ಕಡೆ ಒಟ್ಟಿಗೆ ಮಲಗುತ್ತದೆ. ಆ ಜಾಗದ ಹೆಸರು ಸೆಲೆಕ್ಟ್. ಈ ಈ ನಲ್ಲಿಗಳಲ್ಲಿ ಯಾವುದಕ್ಕೆ ನೀರು ಬಂದರೂ ಎಬ್ಬಿಸು, ಯಾವುದಕ್ಕೂ ಬರದಿದ್ದರೆ ಇಷ್ಟು ಹೊತ್ತಿಗೆ ಎಬ್ಬಿಸು ಎಂದು ಹೇಳಿ ಮಲಗುವ ಹಾಸಿಗೆ ಅದು.

ಇದಕ್ಕೆ ಒಗ್ಗದ್ದು ಯಾವುದೆಂದು ಓದುಗರು ಊಹಿಸಿರಬಹುದು. ಯೂನಿಕ್ಸ್ ವಂಶದ ಯಂತ್ರಗಳಲ್ಲಿ ಸಿಗ್ನಲ್ ಎಂಬುದೊಂದಿದೆ. ಹೊರಗಿನಿಂದ ಕಾರ್ಯಕ್ರಮಕ್ಕೆ ಹಾಕುವ ಒಂದು ಕೂಗು. ಒಂದೊಂದು ಕೂಗಿಗೆ ಒಂದೊಂದು ಅಂಕಿ: 2 ಎಂದರೆ ಕೀಲಿಮಣೆಯಿಂದ ತಡೆದರು, 14 ಎಂದರೆ ಅಲಾರಾಂ, 15 ಎಂದರೆ "ಮುಗಿಸಿಕೊಂಡು ಹೊರಡು", 9 ಎಂದರೆ ಕುತ್ತಿಗೆ ಹಿಡಿದು ಹೊರಕ್ಕೆ. ಒಂಬತ್ತನೆಯದನ್ನು ತಡೆಯುವ, ತಡಮಾಡಿಸುವ ಉಪಾಯ ಯಾರಿಗೂ ಇಲ್ಲ.

ಸಿಗ್ನಲ್ ಎಂದೊಡನೆ ನಮಗೆ ರೈಲಿನದು ನೆನಪಾಗುತ್ತದೆ, ಅದರಲ್ಲೂ ಸನತ್‌ನಗರದವರಿಗೆ. ಸಿಕಂದರಾಬಾದಿನಲ್ಲಿ ರೈಲ್ವೆಯವರ ಸಿಗ್ನಲ್ ವಿದ್ಯೆಯ ಶಾಲೆಯೇ ಇದೆ, 1957ರಿಂದ. ದೇಶದ ಮೂಲೆಮೂಲೆಯಿಂದ ಕಲಿಯಲು ಬರುತ್ತಾರೆ. ಆದರೆ ರೈಲಿನ ಸಿಗ್ನಲ್ಲಿಗೂ ಯಂತ್ರದ ಸಿಗ್ನಲ್ಲಿಗೂ ಹೆಸರು ಬಿಟ್ಟರೆ ಬಳಗವಿಲ್ಲ. ರೈಲಿನದು ಕಂಬದ ಮೇಲೆ ನಿಂತಿರುತ್ತದೆ. ಡ್ರೈವರು ಈಗ ನೋಡಲಿ, ಆಮೇಲೆ ನೋಡಲಿ, ಕೆಂಪು ಕೆಂಪಾಗಿಯೇ ಇರುತ್ತದೆ. ಸ್ವಯಂಚಾಲಿತ ಸಿಗ್ನಲ್ಲುಗಳ ದಾರಿಯಲ್ಲಂತೂ ಕೆಂಪು ಕಂಡರೆ ಹಗಲಲ್ಲಿ ಒಂದು ನಿಮಿಷ, ರಾತ್ರಿಯಲ್ಲಿ ಎರಡು ನಿಮಿಷ ನಿಂತು, ಆಮೇಲೆ ಕಣ್ಣಲ್ಲಿ ಕಣ್ಣಿಟ್ಟು ನಿಧಾನವಾಗಿ ಸಾಗಬಹುದೆಂದು ನಿಯಮವಿದೆ. ಕಾಯುವುದಕ್ಕೂ ಒಂದು ಮಿತಿ. ಯಂತ್ರದ ಸಿಗ್ನಲ್ ಹಾಗಲ್ಲ. ಅದು ಬೂತಿನ ಹುಡುಗನ ಕೂಗು. ಮನೆಗೆ ಬರುತ್ತದೆ, ಎಳೆಗಲ್ಲ. ಸದ್ಯಕ್ಕೆ ಬೇಡವೆಂದು ತಡೆದಿಟ್ಟರೆ ಕರ್ನೆಲ್ಲು ಆ ಅಂಕಿಯ ಮುಂದೆ ಒಂದು ಗೀಟು ಹಾಕಿಕೊಳ್ಳುತ್ತದೆ. ಅದೇ ಸಿಗ್ನಲ್ ಮತ್ತೆ ಎರಡು ಸಲ ಬಂದರೂ ಗೀಟು ಒಂದೇ. ಮೂರು ಸಲ ಬಂದ ಫೋನು ಬೆಳಿಗ್ಗೆ ಒಂದಾದಂತೆ. ಮೊದಮೊದಲು ಇದಕ್ಕಿಂತಲೂ ಕಷ್ಟವಿತ್ತು. 1979ರ ಏಳನೆಯ ಆವೃತ್ತಿಯ ಯೂನಿಕ್ಸಿನಲ್ಲಿ ಒಂದು ಕೂಗಿಗೆ ಓಗೊಟ್ಟೊಡನೆ ಓಗೊಡುವ ಏರ್ಪಾಡೇ ಕಳಚಿಹೋಗುತ್ತಿತ್ತು. ಮತ್ತೆ ಕಟ್ಟಿಕೊಳ್ಳುವುದರೊಳಗೆ ಎರಡನೆಯ ಕೂಗು ಬಂದರೆ ಕಾರ್ಯಕ್ರಮಕ್ಕೆ ಮರಣವೇ. 1983ರಲ್ಲಿ ಬರ್ಕ್ಲಿಯವರ 4.2 ಆವೃತ್ತಿ ಬಂದ ಮೇಲೆ ಅದು ಸರಿಹೋಯಿತು.

1995ರಲ್ಲಿ ಎಳೆಗಳಿಗೆ ಒಂದು ಸಾಮಾನ್ಯ ಕಟ್ಟಳೆ ಬರೆದಾಗ ಸಿಗ್‌ವೇಟ್ ಎಂಬುದನ್ನು ಅದರಲ್ಲಿ ಸೇರಿಸಿದರು. ಇಂಥ ಕೂಗು ಬರುವವರೆಗೆ ಈ ಎಳೆ ಮಲಗಿರಲಿ ಎನ್ನುವ ಬೇಡಿಕೆ ಅದು. ಪುಸ್ತಕದಲ್ಲಿ ಎಲ್ಲರ ಹೆಸರೂ ಇದ್ದರೆ ಸರಳ. ಕರ್ನೆಲ್ಲು ಅವನೊಬ್ಬನನ್ನೇ ಮಲಗಿಸುತ್ತದೆ, ಅವನೊಬ್ಬನನ್ನೇ ಎಬ್ಬಿಸುತ್ತದೆ. ಹೆಸರು ಒಂದೇ ಇದ್ದಲ್ಲಿ ಲೈಬ್ರರಿಯೇ ಈ ಮಲಗುವ ನಾಟಕವನ್ನು ಆಡಿಸಬೇಕು. ಸೆಲೆಕ್ಟಿನ ಹಾಸಿಗೆಯಲ್ಲಿ ನಲ್ಲಿಗೆ ಕಾಯಬಹುದು, ಗಡಿಯಾರಕ್ಕೆ ಕಾಯಬಹುದು, ಕೂಗಿಗೆ ನಲ್ಲಿಯಿಲ್ಲವಲ್ಲ!

ನಮಗೆ ಇದು ಪುಸ್ತಕದ ವಿಷಯವಾಗಿ ಬರಲಿಲ್ಲ. 2002ರ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕೈಗೆ ಬಂದದ್ದು ಲಾರಿಗಳನ್ನು ತೂಗುವ ಕಟ್ಟೆಯೊಂದರ ಕಾರ್ಯಕ್ರಮ. ಕಲ್ಲು, ಸಿಮೆಂಟು ಸಾಗಿಸುವ ಸೀಮೆ. ಊರಿನ ಹೆಸರು ಬೇಡ. ಹಗಲಿರುಳು ಲಾರಿ. ಬರಿದಾಗಿ ಒಮ್ಮೆ, ತುಂಬಿ ಒಮ್ಮೆ ತೂಗಿ, ಕಳೆದು, ಚೀಟಿ ಕೊಡಬೇಕು. ತಕ್ಕಡಿಗೊಂದು ಎಳೆ, ಚೀಟಿ ಅಚ್ಚಿಗೊಂದು ಎಳೆ, ಹದಿನೈದನೆಯ ಕೂಗಿಗೆ ಕಾಯುವುದಕ್ಕೆಂದೇ ಒಂದು ಎಳೆ. ವಿದ್ಯುತ್ತು ಹೋಗಿ ಬ್ಯಾಟರಿ ತಳ ಹತ್ತಿದಾಗ ಯಂತ್ರ ತಾನಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚುವ ಮುನ್ನ ಎಲ್ಲ ಕಾರ್ಯಕ್ರಮಗಳಿಗೂ 15 ಎಂದು ಕೂಗುತ್ತದೆ, ಐದು ಸೆಕೆಂಡು ಬಿಟ್ಟು 9 ಎಂದು ಕೂಗುತ್ತದೆ. ಆ ಐದು ಸೆಕೆಂಡಿನಲ್ಲಿ ಕಾಯುವ ಎಳೆ ಎದ್ದು, ನೆನಪಿನಲ್ಲಷ್ಟೇ ಇರುವ ಲೆಕ್ಕವನ್ನು ಡಿಸ್ಕಿಗೆ ಬರೆದಿಡಬೇಕು.

ಬಹುತೇಕ ಬರೆಯುತ್ತಿತ್ತು. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಬರೆಯುತ್ತಿರಲಿಲ್ಲ. ಆಗ ಬರಿ ಲಾರಿಯ ತೂಕ ಕಳೆದುಹೋಗುತ್ತಿತ್ತು. ತುಂಬಿದ ಲಾರಿಯನ್ನು ಮತ್ತೆ ಬರಿದು ಮಾಡಿ ತೂಗುವವರು ಯಾರು? ಪುಸ್ತಕದಲ್ಲಿದ್ದ ಹಳೆಯ ತೂಕವನ್ನೇ ಹಿಡಿದು ಲೆಕ್ಕ ಹಾಕುವರು. ಹೆಚ್ಚುಕಡಿಮೆ ಬಂದದ್ದನ್ನು ಡ್ರೈವರನ ಬಾಡಿಗೆಯಲ್ಲಿ ಮುರಿಯುವರು. ಹೀಗೆ ಎರಡು ಸಾವಿರ ಮುರಿಸಿಕೊಂಡ ಡ್ರೈವರನೊಬ್ಬನನ್ನು ನಾವು ಅಲ್ಲಿಗೆ ಹೋದಾಗ ಕಂಡೆವು. ಜಗಳವಾಡಲಿಲ್ಲ. "ನಾನು ಇಳಿದು ನಿಂತದ್ದು ನೋಡಿದವರಿದ್ದಾರೆ, ಯಂತ್ರ ಯಾಕೆ ನೋಡಲಿಲ್ಲ?" ಎಂದಷ್ಟೇ ಕೇಳಿದ.

ಎಳೆಗಳ ಲೈಬ್ರರಿಯನ್ನು ನಮಗಿಂತ ಹಿಂದಿದ್ದವರು ತಾವೇ ಹೆಣೆದಿದ್ದರು. ಹೆಸರು ಬರೆಸುವ ಪದ್ಧತಿಯನ್ನು ಅವರು ಕೈಬಿಟ್ಟದ್ದಕ್ಕೆ ಕಾರಣವಿತ್ತು. ಆ ದಿನಗಳ ಲಿನಕ್ಸಿನಲ್ಲಿದ್ದ ಲಿನಕ್ಸ್‌ಥ್ರೆಡ್ಸ್ ಒಂದೊಂದು ಎಳೆಯನ್ನೂ ಒಂದೊಂದು ಬೇರೆ ಮನೆಯಂತೆ ಎಣಿಸುತ್ತಿತ್ತು. ಮನೆಗೆಂದು ಹಾಕಿದ ಕೂಗು ಒಬ್ಬನಿಗೇ ಹೋಗಿ, ಕಾಯುತ್ತಿದ್ದವನಿಗೆ ತಲುಪುತ್ತಿರಲಿಲ್ಲ. ಅವರು ಹೆಣೆದದ್ದು ಹೀಗಿತ್ತು: ಕೂಗು ಬಂದೊಡನೆ ಒಂದು ಬಾವುಟ ಏರುತ್ತದೆ. ಪಾಳಿಯವನು ಒಂದು ಸುತ್ತು ಬಂದು ಬಾವುಟ ನೋಡುತ್ತಾನೆ. ಏರಿದ್ದರೆ ಕಾಯುವ ಎಳೆಯನ್ನು ಎಬ್ಬಿಸುತ್ತಾನೆ. ಏರಿಲ್ಲದಿದ್ದರೆ ಹೊರಗಿನ ಅಂಕಿಪಲಕಕ್ಕೆ ಒಂದು ಸಾಲು ಕಳಿಸಿ, ಸೆಲೆಕ್ಟಿನಲ್ಲಿ ಮಲಗುತ್ತಾನೆ, ಒಂದು ನಿಮಿಷದ ಮಿತಿ ಇಟ್ಟು. ಮಲಗಿರುವಾಗ ಕೂಗು ಬಂದರೆ ಸೆಲೆಕ್ಟು ಎಬ್ಬಿಸುತ್ತದೆ, ತೊಂದರೆಯಿಲ್ಲ. ನೋಡುವ ಮುನ್ನ ಬಂದರೆ ಬಾವುಟ ಕಾಣುತ್ತದೆ, ತೊಂದರೆಯಿಲ್ಲ.

ಆ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ನಾಲ್ವರೂ ಮೂರು ದಿನ ಕೂತಿದ್ದೆವು. ಮೂರನೆಯ ದಿನ ಸಂಜೆ ಬೀದರಿನವರು ಪೆನ್ಸಿಲಿನ ತುದಿಯನ್ನು ಎರಡು ಸಾಲುಗಳ ನಡುವೆ ಇಟ್ಟು, "ಇಲ್ಲಿ ಬಂದ್ರ?" ಎಂದರು.

ಬಾವುಟ ನೋಡಿ ಆಗಿದೆ, ಇನ್ನೂ ಮಲಗಿಲ್ಲ. ಅಂಕಿಪಲಕಕ್ಕೆ ಸಾಲು ಹೋಗುತ್ತಿದೆ. ಆ ಕ್ಷಣಕ್ಕೆ ಕೂಗು ಬರುತ್ತದೆ, ಬಾವುಟ ಏರುತ್ತದೆ. ನೋಡುವವನು ಆಗಲೇ ನೋಡಿ ಮುಗಿಸಿದ್ದಾನೆ. ಮಲಗುತ್ತಾನೆ. ಲಾರಿಗಳ ಗದ್ದಲವಿರುವಾಗ ಇನ್ನೊಂದು ಸದ್ದು ಅವನನ್ನು ಎಬ್ಬಿಸೀತು. ಕತ್ತಲಾಗಿ ತಕ್ಕಡಿ ಸುಮ್ಮನಿರುವಾಗ ಎಬ್ಬಿಸುವವರಿಲ್ಲ. ಐದು ಸೆಕೆಂಡು ಕಳೆಯಿತು, ಒಂಬತ್ತು ಬಂತು. ನಮ್ಮಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಿಮಿಷದ ಮಿತಿಯನ್ನು ಒಂದು ಸೆಕೆಂಡಿಗೆ ಇಳಿಸಿದರಾಯಿತು ಎಂದು ಕಂಪನಿಯ ದೊಡ್ಡವರೊಬ್ಬರು ಸೂಚಿಸಿದರು. ಅದು ಸಂದಿಯನ್ನು ಮುಚ್ಚುವ ಉಪಾಯವಲ್ಲ, ಗಳಿಗೆಗೊಮ್ಮೆ ಎದ್ದು ಬಾಲ್ಕನಿಗೆ ಹೋಗುವ ಉಪಾಯ. ಗದಗಿನವರು ಪಿ.ಟಿ.ಎಚ್.ನ ಮೂಲಪಾಠವನ್ನೇ ಅಚ್ಚು ಹಾಕಿಸಿ ತಂದರು. ಅದನ್ನು ಓದುತ್ತ ಹೋದಂತೆ ಸಾಗರದವರು ಗಟ್ಟಿಯಾಗಿ ನಕ್ಕುಬಿಟ್ಟರು. ಅಲ್ಲಿದ್ದದ್ದು ಡಾಲ್ಡಾ ಡಬ್ಬಿ!

ಪಿ.ಟಿ.ಎಚ್. ಮೊದಲಿಗೇ ಒಂದು ಪೈಪನ್ನು ತೆರೆದಿಟ್ಟುಕೊಳ್ಳುತ್ತದೆ. ಪೈಪೆಂದರೆ ಒಂದು ತುದಿಯಲ್ಲಿ ಹಾಕಿದ್ದು ಇನ್ನೊಂದು ತುದಿಯಲ್ಲಿ ಸಿಗುವ, ತೆಗೆಯುವವರೆಗೆ ಒಳಗೇ ಉಳಿಯುವ ಕೊಳವೆ. ಎರಡು ತುದಿಯೂ ಮನೆಯೊಳಗೇ. ಒಂದು ಎಳೆ ಸಿಗ್‌ವೇಟ್ ಕೇಳಿದಾಗ ಲೈಬ್ರರಿ ಮೊದಲು ಕರ್ನೆಲ್ಲಿನ ಗೀಟುಗಳನ್ನು ನೋಡುತ್ತದೆ; ಕೂಗು ಆಗಲೇ ಬಂದು ತಡೆದು ನಿಂತಿದ್ದರೆ ಮಲಗುವ ಮಾತೇ ಇಲ್ಲ, ಅದನ್ನೇ ಕೊಟ್ಟು ಕಳಿಸುತ್ತದೆ. ಇಲ್ಲದಿದ್ದರೆ ಎಳೆಯ ಬೇಡಿಕೆಯನ್ನು ಬರೆದುಕೊಂಡು ಉಳಿದವರ ಕೆಲಸ ನಡೆಸುತ್ತದೆ. ಎಲ್ಲರೂ ಕಾಯುವ ಹೊತ್ತು ಬಂದಾಗ, ಬೇಕಾದ ಕೂಗುಗಳಿಗೆ ತನ್ನದೊಂದು ಓಗೊಡುವ ಏರ್ಪಾಡು ಕಟ್ಟುತ್ತದೆ. ಅದರ ಕೆಲಸ ಎರಡೇ, ಯಾವ ಕೂಗೆಂದು ಗುರುತು ಹಾಕುವುದು, ಪೈಪಿಗೆ ಒಂದು ಅಕ್ಷರ ಹಾಕುವುದು. ನಲ್ಲಿಗಳ ಪಟ್ಟಿಯಲ್ಲಿ ಪೈಪಿನ ಇನ್ನೊಂದು ತುದಿಯನ್ನೂ ಸೇರಿಸಿ ಸೆಲೆಕ್ಟಿನಲ್ಲಿ ಮಲಗುತ್ತದೆ. ಈಗ ಕೂಗು ಸಂದಿಯಲ್ಲೇ ಬೀಳಲಿ, ಬಿದ್ದದ್ದು ಪೈಪಿನಲ್ಲಿ ಇರುತ್ತದೆ. ಹಾಸಿಗೆಗೆ ಹೋದರೂ ಸೆಲೆಕ್ಟು ಮಲಗಲು ಬಿಡುವುದಿಲ್ಲ, ಪೈಪಿನಲ್ಲಿ ಏನೋ ಇದೆ ನೋಡು ಎನ್ನುತ್ತದೆ.

ಹೋಲಿಕೆ ಇಲ್ಲಿ ತುಸು ಕುಂಟುತ್ತದೆಂದು ಹೇಳಿಬಿಡಬೇಕು. ನಮ್ಮ ಡಬ್ಬಿ ನೋಡುವುದಕ್ಕೂ ದಿಂಬಿಗೆ ಒರಗುವುದಕ್ಕೂ ನಡುವೆ ಕೂದಲೆಳೆಯಷ್ಟಾದರೂ ಸಂದಿ ಉಳಿದೇ ಇತ್ತು, ಅದಕ್ಕೇ ಗಂಟೆ. ಸೆಲೆಕ್ಟಿನಲ್ಲಾದರೆ ನೋಡುವುದೂ ಮಲಗುವುದೂ ಕರ್ನೆಲ್ಲಿನ ಕೈಯಲ್ಲಿ ಒಂದೇ ಕೆಲಸ, ನಡುವೆ ಏನೂ ತೂರಲಾರದು. ಇನ್ನೊಂದು ಜಾಣತನವನ್ನೂ ಹೇಳಬೇಕು. ಪೈಪು ತುಂಬಿದ್ದರೆ ಹಾಕುವವನೇ ಕಾಯುತ್ತ ನಿಂತುಬಿಟ್ಟಾನೆಂದು, ಜಾಗವಿಲ್ಲದಿದ್ದರೆ ಬಿಟ್ಟು ಬಾ ಎಂದು ಮೊದಲೇ ಹೇಳಿರುತ್ತಾರೆ. ಎಬ್ಬಿಸಲು ಒಂದು ಅಕ್ಷರ ಸಾಕು, ಹತ್ತು ಬೇಕಿಲ್ಲ. ಈ ಪೈಪಿನ ಉಪಾಯ ಎಂಗೆಲ್‌ಶಾಲರ ಸ್ವಂತದ್ದಲ್ಲ, ಹಳಬರಿಗೆ ಗೊತ್ತಿದ್ದದ್ದು, ಡಿ.ಜೆ. ಬರ್ನ್‌ಸ್ಟೈನ್ ಅದನ್ನು ಎಲ್ಲರಿಗೂ ಪರಿಚಯವಾಗುವಂತೆ ಬರೆದಿದ್ದರು. ಕರ್ನೆಲ್ಲಿನವರೂ ಆಮೇಲೆ ದಾರಿ ಮಾಡಿಕೊಟ್ಟರು. ತಡೆಯನ್ನು ತೆಗೆಯುವುದು, ಮಲಗುವುದು ಎರಡನ್ನೂ ಒಂದೇ ಏಟಿಗೆ ಮಾಡುವ ಪಿಸೆಲೆಕ್ಟ್ ಲಿನಕ್ಸಿನ ಕರ್ನೆಲ್ಲಿಗೆ ಬಂದದ್ದು 2006ರಲ್ಲಿ, 2.6.16ರಲ್ಲಿ. ಅದಕ್ಕೆ ಮೊದಲು ಅದೇ ಹೆಸರಿನಲ್ಲಿ ಇದ್ದದ್ದು ಸಂದಿಯನ್ನೂ ಉಳಿಸಿಕೊಂಡಿದ್ದ ಅನುಕರಣೆ. 2007ರ ಸಿಗ್ನಲ್‌ಎಫ್‌ಡಿ ಅಂತೂ ಕೂಗಿಗೇ ಒಂದು ನಲ್ಲಿ ಕೊಟ್ಟಿತು.

2003ರ ಕೊನೆಗೆ ಬಂದ ಲಿನಕ್ಸ್ 2.6ರಲ್ಲಿ ಎಳೆಗಳ ಹೆಸರು ಬರೆಸುವುದು ಅಗ್ಗವೂ ಸರಿಯಾದದ್ದೂ ಆಯಿತು. ಬಳಕೆದಾರ ಮಟ್ಟದ ಎಳೆಗಳ ಕಾಲ ಮುಗಿಯಿತೆಂದೇ ನಾವೂ ಎಣಿಸಿದ್ದೆವು. ಮುಗಿಯಲಿಲ್ಲ. 2009ರಲ್ಲಿ ಹೊರಬಂದ ಗೋ ಭಾಷೆಯಲ್ಲಿ, 2023ರ ಜಾವಾ 21ರಲ್ಲಿ ಅವು ಹೊಸ ಹೆಸರಿನಲ್ಲಿ ಹಿಂತಿರುಗಿವೆ. ಪುಸ್ತಕದಲ್ಲಿ ಹತ್ತು ಹೆಸರು, ಮನೆಯಲ್ಲಿ ಹತ್ತು ಸಾವಿರ ಜನ. ನಮ್ಮ ಮಕ್ಕಳು ಅದನ್ನೇ ಓದುತ್ತಿದ್ದಾರೆ. ಒಳಗಿನ ಪಾಳಿಯವನ ಪಾಡು ಅವರಿಗೆ ಕಾಣುವುದಿಲ್ಲ, ಕಾಣಬೇಕಾದ ಅಗತ್ಯವೂ ಬಿದ್ದಿಲ್ಲ. ಅದು ಒಳ್ಳೆಯದೇ.

ತೂಕದ ಕಟ್ಟೆಯ ಕಾರ್ಯಕ್ರಮಕ್ಕೆ ನಾವು ಪೈಪು ಹಾಕಿದೆವು. ಸರಿಹೋಯಿತೆಂದು ತಿಳಿಯುವುದು ಹೇಗೆ? ಎರಡು ತಿಂಗಳಿಗೊಮ್ಮೆ ಬರುವ ರೋಗ, ಬರಲಿಲ್ಲವೆಂದರೆ ವಾಸಿಯಾಯಿತೆಂದಲ್ಲ. ಆದ್ದರಿಂದ ಸಂದಿಯನ್ನೇ ಬೇಕೆಂದು ಅಗಲ ಮಾಡಿದೆವು. ನೋಡುವುದಕ್ಕೂ ಮಲಗುವುದಕ್ಕೂ ನಡುವೆ ಎರಡು ಸೆಕೆಂಡು ಸುಮ್ಮನೆ ನಿಲ್ಲುವಂತೆ ಮಾಡಿ, ಪರದೆಯ ಮೇಲೆ "ಈಗ" ಎಂದು ಬರುವಂತೆ ಇಟ್ಟೆವು. "ಈಗ" ಎಂದೊಡನೆ ಒಬ್ಬರು ಇನ್ನೊಂದು ಯಂತ್ರದಿಂದ 15ನ್ನು ಕೂಗಬೇಕು. ಮೊದಲು ಹಳೆಯದನ್ನು ಪರೀಕ್ಷಿಸಿದೆವು. ಹತ್ತಕ್ಕೆ ಹತ್ತು ಸಲವೂ ಅದು ಮಲಗಿ 9ಕ್ಕೆ ಬಲಿಯಾಯಿತು. ಆಮೇಲೆ ಹೊಸದು.

ಕೂಗುವ ಕೆಲಸವನ್ನು ಬೀದರಿನವರು ತಾವೇ ವಹಿಸಿಕೊಂಡರು. ನೂರು ಸಲ ಎಂದು ಗೊತ್ತುಮಾಡಿದ್ದೆವು. ಪ್ರತಿಸಲ ಎದ್ದು ಲೆಕ್ಕ ಬರೆದು ಮುಚ್ಚಿಕೊಂಡಿತು. ಅವರು ಹಾಳೆಯ ಮೇಲೆ ಐದೈದು ಗೀಟಿನ ಕಟ್ಟು ಕಟ್ಟುತ್ತ ಹೋದರು. ಮಧ್ಯಾಹ್ನದಲ್ಲಿ ಶುರುವಾದದ್ದು ಕತ್ತಲಾಗುವವರೆಗೆ ನಡೆಯಿತು. ನೂರಾಯಿತೆಂದು ಸಾಗರದವರು ಕುರ್ಚಿ ಸರಿಸಿ ಎದ್ದರು, ದೀಪ ಆರಿಸಲು ಹೋದರು. ಬೀದರಿನವರು ಏಳಲಿಲ್ಲ. "ಇನ್ನೊಂದ್ ಸಲ ನೋಡ್ಯಾನ್ರಿ" ಎಂದರು. ನಾವು ಮತ್ತೆ ಕೂತೆವು. ಆ ಸಲವೂ ಎದ್ದಿತು.